ಸೈರನ್ ಹೋಗಿ ಕೋಳಿ ಬಂತು

ಮೊಮ್ಮಗಳು ಹುಟ್ಟಿದ ದಿನ ನನ್ನ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ವಡೋದರೆಯ ಆ ಆಸ್ಪತ್ರೆಯಲ್ಲಿ ಕಂಡಕಂಡವರ ಬಾಯಿಗೆ ಪೇಢೆ ಇಟ್ಟೆ. ಕಸ ಹೊಡೆಯುವವಳಿಗೆ ಎರಡು ಸಲ ಇಟ್ಟೆ. ಅವಳು ಗುಜರಾತಿಯಲ್ಲಿ ಏನೋ ಅಂದಳು, ನಾನು ಗದಗಿನ ಕಡೆಯ ಕನ್ನಡದಲ್ಲಿ ಏನೋ ಅಂದೆ, ಇಬ್ಬರೂ ನಕ್ಕೆವು. ನಾನು ಮೂರನೆಯ ಇಯತ್ತೆಯವರೆಗೆ ಕಲಿತವಳು. ಅಕ್ಷರ ಕೂಡಿಸಿ ಕೂಡಿಸಿ ಓದುತ್ತೇನೆ, ಬರೆಯುವುದೆಂದರೆ ನನ್ನ ಹೆಸರಷ್ಟೇ. ಆದರೆ ಸಂತೋಷವಾದರೆ ಹಾಡು ಬರುತ್ತದೆ. ಅದನ್ನು ಯಾರೂ ಕಲಿಸಲಿಲ್ಲ.

ಮಗಳು ಮನೆಗೆ ಬಂದ ಮೂರನೆಯ ದಿನ ಅವಳ ಗೆಳತಿ ಕೂಸನ್ನು ನೋಡಲು ಬಂದಳು. ಮೈಸೂರಿನ ಕಡೆಯವಳು. ಗಂಡನಿಗೆ ಬ್ಯಾಂಕಿನ ಕೆಲಸ, ಅಹಮದಾಬಾದಿನಲ್ಲಿ ಮನೆ. ಸಂಗೀತ ಕಲಿತಿದ್ದಳು, ಹಾರ್ಮೋನಿಯಂ ಬಾರಿಸುತ್ತಿದ್ದಳು. ನನ್ನನ್ನು ಬಾಯ್ತುಂಬ ಅಮ್ಮಾ ಎನ್ನುತ್ತಿದ್ದಳು. ಎರಡು ದಿನ ನಮ್ಮಲ್ಲೇ ಉಳಿದಳು. ನಾನು ಕೂಸಿಗೆ ಎಣ್ಣೆ ಹಚ್ಚುತ್ತ ಗುನುಗುತ್ತಿದ್ದುದನ್ನು ಕೇಳಿ, ಚೀಲದಿಂದ ಒಂದು ನೋಟುಬುಕ್ ತೆಗೆದು ಪಕ್ಕದಲ್ಲಿ ಕೂತಳು.

"ಹೇಳಿ ಅಮ್ಮ, ನಾನು ಬರ್ಕೋತೀನಿ. ಇಲ್ದಿದ್ರೆ ನಾಳೆಗೆ ನೀವೇ ಮರ್ತುಬಿಡ್ತೀರಿ."

ಅಳಿಯಂದಿರಿಗೆ ಮಕರಪುರದ ಕಾರ್ಖಾನೆಯಲ್ಲಿ ಕೆಲಸ. ಪಾಳಿ ಬಿಡುವ ಸೈರನ್ ಮನೆಗೆ ಕೇಳಿಸುತ್ತಿತ್ತು. ಅದು ಕೂಗಿದ್ದೇ ತಡ, ನನ್ನ ಮಗಳು ಬಾಗಿಲ ಕಡೆ ನೋಡುತ್ತಿದ್ದಳು. ಹಾಡು ಅದರಿಂದಲೇ ಹುಟ್ಟಿತು.

ಮಕರಪುರದ ಸೈರನ್ನು ಕೂಗಿ ಹೊತ್ತಾತು
ಡಬ್ಬಿ ಹಿಡಕೊಂಡು ನಿಮ್ಮಪ್ಪ ಬರತಾನ
ಒಮ್ಮಿ ಕಣ್ ತೆರಿಯ ನನ ಕೂಸ

ಮೊದಲು ನಾನು ಡಬ್ಬಿ ಅಂದಿರಲಿಲ್ಲ, ಚೀಲ ಅಂದಿದ್ದೆ. ಅವಳು ಬರೆದಾದ ಮೇಲೆ ತಡೆದೆ. "ಚೀಲ ಬ್ಯಾಡವಾ, ಡಬ್ಬಿ ಅಂತ ಬರಿ. ಉಂಡ ಡಬ್ಬಿ ಖಾಲಿ ಇರ್ತದ, ಗಲಗಲ ಅಂತದ. ಕೂಸಿಗೆ ಕೇಳಬೇಕಲ್ಲ?" ಅವಳು ನಗುತ್ತ ಚೀಲಕ್ಕೆ ಗೆರೆ ಎಳೆದು ಮೇಲೆ ಡಬ್ಬಿ ಎಂದು ಬರೆದಳು. ಹೀಗೆ ಏಳು ನುಡಿ ಆದವು.

ತೊಟ್ಟಿಲು ಶಾಸ್ತ್ರದ ದಿನ ಕನ್ನಡದ ಹೆಂಗಸರೆಲ್ಲ ಕೂಡಿದ್ದರು. ನಾನು ಏಳೂ ನುಡಿ ಹಾಡಿದೆ. ಹಾಡಿ ಮುಗಿಸಿದಾಗ ಯಾರೋ ಕೇಳಿದರು, "ಯಾರ ಹಾಡು ಅಜ್ಜಿ ಇದು?"

"ಹಿಂದಿನವರದವಾ," ಅಂದೆ.

ನಮ್ಮ ಕಡೆ ಹಾಗೆಯೇ ಹೇಳಬೇಕು. ನಾನು ಕಟ್ಟಿದೆ ಎಂದು ಹೆಂಗಸು ತನ್ನ ಬಾಯಿಂದ ಅಂದರೆ ಸೊಕ್ಕಿನಾಕಿ ಅನ್ನುತ್ತಾರೆ. ನನ್ನ ಅವ್ವನೂ ಹಾಗೇ ಹೇಳುತ್ತಿದ್ದಳು, ಬೀಸುತ್ತ ಬೀಸುತ್ತ ಅವಳು ಕಟ್ಟಿದ್ದನ್ನು ನಾನೇ ಕಣ್ಣಾರೆ ಕಂಡಿದ್ದರೂ. ಕೇಳುವವರಿಗೂ ಇದು ತಿಳಿದಿರುತ್ತದೆ ಎಂದು ನಾನು ಅಂದುಕೊಂಡಿದ್ದೆ. ಆ ಮಾತು ಅಂದಾಗ, ತೊಟ್ಟಿಲಿಗೆಂದು ಮತ್ತೆ ಬಂದಿದ್ದ ಗೆಳತಿ ನನ್ನ ಪಕ್ಕದಲ್ಲೇ ಇದ್ದಳು. ಕಣ್ಣು ಮಿಟುಕಿಸಿ ನನ್ನ ಕೈ ಅದುಮಿದಳು. ನಮ್ಮಿಬ್ಬರ ಗುಟ್ಟು ಎಂಬಂತೆ.

ಎರಡು ವರ್ಷದ ಮೇಲೆ ಸೂರತ್ತಿನಲ್ಲಿ ಒಂದು ತೊಟ್ಟಿಲಿಗೆ ಕರೆದಿದ್ದರು. ಮೊಮ್ಮಗಳನ್ನು ಕಂಕುಳಲ್ಲಿ ಇಟ್ಟುಕೊಂಡು ರೈಲು ಹತ್ತಿ ಹೋದೆ. ದಾರಿಯುದ್ದಕ್ಕೂ ಅವಳ ಸುದ್ದಿಯನ್ನು ಬೋಗಿಯಲ್ಲಿದ್ದವರಿಗೆಲ್ಲ ಹೇಳಿದೆ, ಅವರು ಕೇಳದಿದ್ದರೂ. ಅಲ್ಲಿ ಸಂಭ್ರಮದಿಂದ ಹಾಡು ಎತ್ತಿದೆ. ಎರಡನೆಯ ನುಡಿಗೇ ಆ ಮನೆಯ ಸೊಸೆ ನಕ್ಕಳು.

"ಅಜ್ಜಿ, ಕ್ಯಾಸೆಟ್ಟಿನಾಗಿಂದು ಭಾಳ ಛಲೋ ಕಲತೀರಿ. ಆದರ ಅದರಾಗ ಸೈರನ್ ಯಾಕ ತುರುಕೀರಿ?"

"ಕಾರ್ಖಾನಿ ಅಜ್ಜಿ ಇರಬೇಕ ಬಿಡವಾ," ಎಂದು ಇನ್ನೊಬ್ಬಳು ಸೇರಿಸಿದಳು. ಎಲ್ಲರೂ ನಕ್ಕರು. ನಾನೂ ನಕ್ಕೆ, ಯಾಕೆಂದು ತಿಳಿಯದೆ.

ಸೊಸೆ ಕ್ಯಾಸೆಟ್ ಹಾಕಿದಳು. ನನ್ನ ಹಾಡು, ನನ್ನ ಧಾಟಿ. ಆದರೆ ಮಕರಪುರದ ಸೈರನ್ ಇರಲಿಲ್ಲ, ಹಟ್ಟಿಯ ಹಿಂದಿನ ಕೋಳಿ ಕೂಗುತ್ತಿತ್ತು. ಅಪ್ಪ ಡಬ್ಬಿ ಬಿಟ್ಟು ಕೊಳಲು ಹಿಡಿದುಕೊಂಡು ಬರುತ್ತಿದ್ದ. ಹಾಡುವ ದನಿ ನನಗೆ ಗುರುತಿತ್ತು. ಕ್ಯಾಸೆಟ್ಟಿನ ಹೊದಿಕೆ ಕೇಳಿ ತೆಗೆದುಕೊಂಡು ಅಕ್ಷರ ಕೂಡಿಸಿದೆ. ಸಾಹಿತ್ಯ, ಸಂಗೀತ, ಗಾಯನ. ಮೂರರ ಮುಂದೆಯೂ ಒಂದೇ ಹೆಸರು. ನನ್ನನ್ನು ಅಮ್ಮಾ ಎಂದವಳದು.

ಊಟಕ್ಕೆ ಎಬ್ಬಿಸಿದರು, ಹೊಟ್ಟೆ ಸರಿಯಿಲ್ಲ ಅಂದೆ.

ವಡೋದರೆಗೆ ಬಂದು ಮಗಳಿಂದ ಆ ಗೆಳತಿಗೆ ಫೋನು ಹಚ್ಚಿಸಿದೆ. ಅವಳು ಸ್ವಲ್ಪವೂ ಗಾಬರಿಯಾಗಲಿಲ್ಲ.

"ಅಮ್ಮ, ಅಷ್ಟು ಜನರ ಮುಂದೆ ಹಿಂದಿನವರ ಹಾಡು ಅಂದಿದ್ದು ನೀವೇ ತಾನೆ? ಹಿಂದಿನವರದು ಅಂದ್ರೆ ಎಲ್ಲರದು. ನಾನು ತಿದ್ದಿ ತೀಡಿ ಹಾಡಿದೀನಿ, ಕಾಪಿರೈಟೂ ಮಾಡ್ಸಿದೀನಿ."

"ನೀನ ಬರಕೊಂಡಿ ಅಲ್ಲವಾ. ಚೀಲ ಹೊಡದು ಡಬ್ಬಿ ಬರದಿ."

"ಅದೆಲ್ಲ ನೆನಪಿಲ್ಲಮ್ಮ. ಆ ಪುಸ್ತಕವೂ ಮನೆ ಬದಲಾಯಿಸುವಾಗ ಎಲ್ಲೋ ಹೋಯ್ತು. ನಿಮಗೊಂದು ಕ್ಯಾಸೆಟ್ ಕಳಿಸ್ತೀನಿ, ಬಿಡಿ."

ನನಗಿಂತ ಅಳಿಯಂದಿರಿಗೆ ಸಿಟ್ಟು ಬಂತು. ರಜೆ ಹಾಕಿ ನನ್ನನ್ನು ಅಲಕಾಪುರಿಯ ಒಬ್ಬ ವಕೀಲರ ಹತ್ತಿರ ಕರೆದುಕೊಂಡು ಹೋದರು. ವಕೀಲರು ಗುಜರಾತಿಯವರು, ನನ್ನನ್ನು "ಬಾ" ಎಂದು ಕರೆದರು, ಅವರಲ್ಲಿ ತಾಯಿಗೂ ಹಿರಿಯಳಿಗೂ ಹಾಗೆನ್ನುತ್ತಾರೆ. ಅವರ ಹಿಂದಿಯನ್ನು ಅಳಿಯಂದಿರು ಕನ್ನಡ ಮಾಡಿ ಹೇಳಿದರು. ಹಾಡು ಕಟ್ಟಿದವರಿಗೆ ಕಟ್ಟಿದ ಗಳಿಗೆಯಿಂದಲೇ ಹಕ್ಕು, ದಫ್ತರದಲ್ಲಿ ಬರೆಸದಿದ್ದರೂ ಹಕ್ಕು. ಆದರೆ ಕಟ್ಟಿದ್ದು ನೀವೇ ಎಂದು ತೋರಿಸಬೇಕು.

"ಅದರಾಗ ಮಕರಪುರದ ಸೈರನ್ ಅದ ಸಾಹೇಬರ," ಅಂದರು ಅಳಿಯಂದಿರು. "ಹಿಂದಿನವರಿಗೆ ಎಲ್ಲಿ ಮಕರಪುರ?"

"ಕ್ಯಾಸೆಟ್ಟಿನಲ್ಲಿ ಸೈರನ್ ಇಲ್ಲವಲ್ಲ. ಹಾಡು ಹಳೆಯದು, ಸೈರನ್ ಮಾತ್ರ ನೀವು ಆಮೇಲೆ ಸೇರಿಸಿದ್ದು ಅಂತಾರೆ." ವಕೀಲರು ನನ್ನ ಕಡೆ ತಿರುಗಿದರು. "ಬಾ, ನೀವು ಕಟ್ಟುವಾಗ ಬರೆದ ಕಾಗದ ಎಲ್ಲಿದೆ?"

"ಆಕಿ ಹತ್ರ."

"ಕಟ್ಟುವಾಗ ಪಕ್ಕದಲ್ಲಿ ಯಾರಿದ್ದರು?"

ನಾನು ಬಾಯಿ ತೆರೆದೆ. ಹಾಡು ಬರೆಸಿದ ಹೊತ್ತಿಗೆ ಮಗಳು ಒಳಗೆ ಮಲಗಿದ್ದಳು, ಅಳಿಯಂದಿರು ಕೆಲಸಕ್ಕೆ ಹೋಗಿದ್ದರು.

"ಆಕಿನ," ಅಂದೆ.

ವಕೀಲರು ಪೆನ್ನು ಕೆಳಗಿಟ್ಟರು. ಹೋರಾಡಬಹುದು, ಗೆಲ್ಲುತ್ತೀರಿ ಎಂದು ಹೇಳಲಾರೆ ಅಂದರು. ಬೇರೆ ಹಾಡುಗಳಿದ್ದರೆ ಇನ್ನು ಮೇಲಾದರೂ ತಾರೀಖು ಹಾಕಿ ಬರೆಸಿ, ಕೆಳಗೆ ಸಹಿ ಮಾಡಿ ಅಂದರು. ಆಟೋ ಹತ್ತಿ ಮನೆಗೆ ಬಂದೆವು. ಕಳ್ಳರು ಗೋಡೆ ಒಡೆದು ಬರುತ್ತಾರೆ ಎಂದು ಕೇಳಿದ್ದೆ. ಇವಳಿಗೆ ನಾನೇ ಮಣೆ ಹಾಕಿ ಕೂಡಿಸಿದ್ದೆ.

ಮೊಮ್ಮಗಳಿಗೆ ನಾಲ್ಕು ತುಂಬಿತು. ಏನು ಹೇಳಲಿ ಅವಳ ಚಂದ! ಓಡಿಬಂದು ತೊಡೆಗೆ ಬಿದ್ದರೆ ನನಗೆ ಜಗತ್ತೇ ಬೇಡ. ಕನ್ನಡ ಮಾತ್ರ ಅರೆಬರೆ, ಬಾಯಿ ತುಂಬ ಗುಜರಾತಿ. ಮಗಳು ಅವಳನ್ನು ಭಾನುವಾರ ಒಬ್ಬರ ಮನೆಗೆ ಕಳಿಸುತ್ತಿದ್ದಳು, ಅಲ್ಲಿ ಕನ್ನಡದ ಮಕ್ಕಳಿಗೆ ಹಾಡು ಕಲಿಸುತ್ತಿದ್ದರು. ಒಂದು ಮಧ್ಯಾಹ್ನ ಜಡೆ ಹಾಕುತ್ತ ನಾನು ಅವಳ ಹಾಡು ಹೇಳಿದೆ. ಸೈರನ್ ಬಂದ ಕೂಡಲೇ ತಲೆ ಕಿತ್ತುಕೊಂಡಳು.

"ಅಜ್ಜಿ, ಖೋಟು! ತಪ್ಪು ಹಾಡ್ತಿ ನೀ. ಕೋಳಿ ಐತಿ ಅಲ್ಲಿ. ಕ್ಯಾಸೆಟ್‌ದಾಗ ಕೋಳಿ."

ಯಾರಿಗಾಗಿ ಕಟ್ಟಿದೆನೋ ಅವಳೇ ತಿದ್ದಿದಳು. ಸೂರತ್ತಿನಲ್ಲಿ ನಕ್ಕಾಗ ಬಾರದ ನೀರು ಆಗ ಕಣ್ಣಿಗೆ ಬಂತು. ಅರವತ್ತು ವರ್ಷ ಬಾಯಿಂದ ಆಡದ ಮಾತು ಆಗ ಆಡಿದೆ.

"ಆ ಹಾಡು ನಾ ಕಟ್ಟಿದ್ದವಾ. ನೀ ಹುಟ್ಟಿದಾಗ. ನಿನಗಂತ."

ಅವಳು ನನ್ನನ್ನೇ ನೋಡಿದಳು. ನಂಬಲಿಲ್ಲ. "ಹಂಗಂದ್ರ ಇನ್ನೊಂದು ಕಟ್ಟು. ಈಗ. ನನ್ನ ಜಡಿದು."

ಜಡೆಯ ಮೂರು ಕಾಲು ಬೆರಳ ಸಂದಿಯಲ್ಲಿದ್ದವು. ಮೊದಲ ಸಾಲು ತಾನಾಗಿ ನಾಲಿಗೆಗೆ ಬಂತು, ಎಂದಿನ ಹಾಗೆ, ಸಂತೋಷದ ಜೊತೆಗೇ. ಹೇಳಲಿಲ್ಲ. ಎದುರು ಮನೆಯಲ್ಲಿ ಯಾರೋ ಮಾತಾಡುತ್ತಿದ್ದರು. ಎದ್ದು ಹೋಗಿ ಬಾಗಿಲು ಮುಂದೆ ಮಾಡಿ, ಚಿಲಕ ಹಾಕಿ ಬಂದು ಕೂತೆ.