ನಾಗಮಣಿಯ ಕೋಳಿಗಳೂ ಐತಪ್ಪನ ಸುಬೇದಾರನೂ

"ನನ್ನ ಸುಬೇದಾರ ಕಾವಲಿರುವ ಹಿತ್ತಿಲಿಗೆ ಯಮ ಬರಬೇಕಾದ್ರೂ ಗೇಟಿನ ಹತ್ತಿರ ಕೋಣ ಕಟ್ಟಿ, ಹೆಸರು ಹೇಳಿ, ಅಪ್ಪಣೆ ಕೇಳಿಯೇ ಬರಬೇಕು ರಾಯರೇ."

ಐತಪ್ಪ ನನಗೆ ಹೀಗೆಂದದ್ದು ಎಪ್ಪತ್ತೆಂಟನೇ ಇಸವಿಯ ಏಪ್ರಿಲ್ಲಿನಲ್ಲಿ. ಸುಬೇದಾರ ಎಂದರೆ ಅವನ ಅಂಕದ ಹುಂಜ. ಪೋರೂರು ಕೆರೆಯ ಆಚೆ ಗುಟ್ಟಾಗಿ ನಡೆಯುತ್ತಿದ್ದ ಕೋಳಿ ಅಂಕದಲ್ಲಿ ಹನ್ನೊಂದು ಹುಂಜಗಳ ಹೊಟ್ಟೆ ಬಗೆದು ಬಂದದ್ದು. ಐತಪ್ಪ ಎಂದರೆ ಮದ್ರಾಸಿನ ಎಗ್ಮೋರ್ ಸ್ಟೇಷನ್ನಿನಲ್ಲಿ ಹಳಿ ಬದಲಿಸುವ ಪಾಯಿಂಟ್ಸ್‌ಮನ್, ಪುತ್ತೂರಿನ ಕಡೆಯವನು, ನಮ್ಮ ಮನೆಯ ಹಿಂದಿನ ರೈಲ್ವೆ ಕ್ವಾರ್ಟರ್ಸಿನಲ್ಲಿದ್ದವನು. ಒಮ್ಮೆ ಕೊಂಡಿ ಕಳಚಿಕೊಳ್ಳದ ಗೂಡ್ಸ್ ವ್ಯಾಗನ್ನಿಗೆ ಅವನು ಕೊಟ್ಟ ಗುದ್ದಿಗೆ ಅದು ತಾಂಬರಂ ತನಕ ಓಡಿತಂತೆ. ಚೆಂಗಲ್ಪಟ್ಟು ತನಕ ಎನ್ನುವವರೂ ಇದ್ದಾರೆ. ಉತ್ಪ್ರೇಕ್ಷೆ ನನಗೆ ಆಗದು, ತಾಂಬರಮ್ಮಿಗೇ ನಿಲ್ಲಿಸಿದ್ದೇನೆ.

ಆದರೆ ನಾನು ಹೇಳಹೊರಟದ್ದು ಅವನ ಹೆಂಡತಿ ನಾಗಮಣಿಯ ಕಥೆ. ಐದಡಿಗೆ ಎರಡಿಂಚು ಕಡಿಮೆಯ ಹೆಂಗಸು. ಮದುವೆಯಾಗಿ ಮಂಗಳೂರು ಮೇಲ್ ರೈಲಿನಲ್ಲಿ ಬರುವಾಗ ಮಡಿಲಲ್ಲಿ ಬುಟ್ಟಿ, ಬುಟ್ಟಿಯಲ್ಲಿ ಮೂರು ಹೇಂಟೆ. ಟಿಕೇಟು ಎಲ್ಲಿ ಎಂದು ಟಿ.ಟಿ. ಬುಟ್ಟಿಗೆ ಕೈ ಹಾಕಿದನಂತೆ. ಮದ್ರಾಸು ಬರುವ ತನಕ ಆ ಕೈಗೆ ಅವಳೇ ಅರಿಶಿನ ಹಚ್ಚಿದಳಂತೆ. ಮಕ್ಕಳಾಗಲಿಲ್ಲ. ಮಾತೂ ಕಡಿಮೆ, ವರ್ಷಕ್ಕೆ ಹತ್ತು ಎಂದಿಟ್ಟುಕೊಳ್ಳಿ. ಆ ಹತ್ತರಲ್ಲಿ ಎಂಟು, ಅವಳ ಎಂಟು ಕೋಳಿಗಳ ಹೆಸರು. ಸಂಜೆ ಕೆಂಪಿ, ಚುಕ್ಕಿ, ಗಿಡ್ಡಿ ಎಂದು ಒಂದೊಂದನ್ನೂ ಕರೆದು, ಬೆನ್ನು ಸವರಿ ಗೂಡಿಗೆ ಬಿಡುತ್ತಿದ್ದಳು. ಏಪ್ರಿಲ್ಲಿನಲ್ಲಿ ಐತಪ್ಪ ಸುಬೇದಾರನ ಹಗ್ಗ ಬಿಚ್ಚಿ, ಆ ಎಂಟರ ಮೇಲೆ ಕಾವಲಿಗೆ ಬಿಟ್ಟ.

ದಿನಕ್ಕೆ ಆರು ಮೊಟ್ಟೆ ಸಿಗುತ್ತಿದ್ದದ್ದು ಮೇ ತಿಂಗಳಿಗೆ ನಾಲ್ಕಾಯಿತು, ಎರಡಾಯಿತು, ಆಮೇಲೆ ಗೂಡಿನಲ್ಲಿ ಬರೀ ಹುಲ್ಲು.

ಐತಪ್ಪನಿಗೆ ತಿಳಿದಿದ್ದ ಮದ್ದು ಒಂದೇ. ಯಾರಿಗಾದರೂ ಹೊಡೆಯುವುದು. ಮೊದಲು ಸಿಕ್ಕವನು ಪಕ್ಕದ ಗೋಡೆಯ ನಂಜುಂಡ, ಬ್ಯಾಂಕಿನ ಜವಾನ, ಒಂಟಿ ಮನುಷ್ಯ. ಅವನ ಕಿಟಕಿಯಿಂದ ಆಮ್ಲೆಟ್ಟಿನ ವಾಸನೆ ಬಂದಿತ್ತು, ಸಾಕ್ಷಿ ಅಷ್ಟೇ.

"ಮಿಲಿಟ್ರಿ ಹೋಟ್ಲಿಂದ ತಂದಿದ್ದು ಕಣಣ್ಣಾ," ಎಂದು ಅವನು ಮೈಸೂರು ಕನ್ನಡದಲ್ಲಿ ಅತ್ತ.

"ಹೌದಾ? ಹಾಗಾದ್ರೆ ಇದನ್ನೂ ಪಾರ್ಸೆಲ್ ತಗೋ," ಎಂದು ಐತಪ್ಪ ಬಿಟ್ಟ ಏಟಿಗೆ ಅವನ ಮುಂದಿನ ಹಲ್ಲು ನಮ್ಮ ತುಳಸಿಕಟ್ಟೆಗೆ ಬಂದು ಬಿತ್ತು. ಮರುದಿನ ಒಂದು ಹೆಗ್ಗಣ ಹಾರೆಗೆ ಸಿಕ್ಕಿ ಚಪ್ಪಟೆಯಾಯಿತು, ಜೊತೆಗೆ ಚರಂಡಿಯ ಅರ್ಧ ಗೋಡೆಯೂ ಹೋಯಿತು. ಅದರ ಮರುದಿನ ಕೇರೆಹಾವೊಂದು ಮೂರು ತುಂಡಾಯಿತು. ಮೊಟ್ಟೆ ಮಾತ್ರ ಬರಲಿಲ್ಲ.

ಆಗ ನಾನು ಬುದ್ಧಿ ಹೇಳಹೋದೆ. ನಾನೋ ವೈಷ್ಣವ, ಮೊಟ್ಟೆಯನ್ನು ದೂರದಿಂದ ಕಂಡರೂ ಸ್ನಾನ ಮಾಡುವವನು. ಆದರೂ "ಅಗ್ನಿನಕ್ಷತ್ರದ ಸೆಕೆ ಐತಪ್ಪ, ಗೂಡಿಗೆ ಒದ್ದೆ ಗೋಣಿ ಹೊದಿಸು" ಎಂದೆ. ಮೂರು ದಿನ ಹೊದಿಸಿದ. ನಾಲ್ಕನೆಯ ದಿನ ನನ್ನನ್ನು ಅಂಗಿಯ ಕಾಲರು ಹಿಡಿದು ನೆಲದಿಂದೆತ್ತಿ, ಮುಖ ನೋಡಿ, "ನೀವು ಹಿರಿಯರು," ಎಂದು ಮತ್ತೆ ಇಳಿಸಿದ. ಆ ಎತ್ತರದಿಂದ ಸೆಂಟ್ರಲ್ ಸ್ಟೇಷನ್ನಿನ ಗಡಿಯಾರ ಸ್ಪಷ್ಟವಾಗಿ ಕಂಡಿತು, ಹತ್ತೂಕಾಲು.

ಕೊನೆಗೆ ಅವನ ಕೋಪ ಕೋಳಿಗಳ ಮೇಲೆಯೇ ತಿರುಗಿತು.

"ಭಾನುವಾರಕ್ಕೊಂದು ತಲೆ," ಎಂದು ಹಿತ್ತಿಲಲ್ಲಿ ನಿಂತು ಸಾರಿದ. "ಉಳಿದವು ನೋಡ್ಲಿ. ನೋಡಿದ್ರೆ ಬುದ್ಧಿ ಬರ್ತದೆ."

ನಾಗಮಣಿ ಅಡ್ಡ ನಿಂತಳು. ಅವಳನ್ನು ಮಗುವಿನಂತೆ ಎತ್ತಿ ಪಕ್ಕಕ್ಕಿಟ್ಟು, ಬಟ್ಟೆ ಒಗೆಯುವ ಕಲ್ಲಿನ ಮೇಲೆ, ಏಳು ಕೋಳಿಗಳ ಕಣ್ಣೆದುರು ಕೆಂಪಿಯ ಕತ್ತು ಕತ್ತರಿಸಿದ. ತಲೆಯಿಲ್ಲದ ಕೆಂಪಿ ಹಿತ್ತಿಲಿಗೆ ಒಂದು ಸುತ್ತು ಓಡಿ, ನಾಗಮಣಿಯ ಕಾಲ ಬುಡದಲ್ಲೇ ಬಿತ್ತು. ಸುಬೇದಾರ ಗೋಡೆ ಹತ್ತಿ ಕೂಗಿದ.

ಹೊಟ್ಟೆ ಬಿಡಿಸಿದ್ದು ನಾಗಮಣಿ. ಒಳಗೆ ಸಾಸಿವೆಯಷ್ಟು, ಗೋಲಿಯಷ್ಟು, ನಿಂಬೆಹಣ್ಣಿನಷ್ಟು, ಹೀಗೆ ಮೊಟ್ಟೆಯ ಹಳದಿ ಭಂಡಾರದ ಗೊಂಚಲೇ ಇತ್ತು. ಕೊನೆಯಲ್ಲಿ ಓಡು ಕಟ್ಟಿದ ಒಂದು ಪೂರ್ತಿ ಮೊಟ್ಟೆ, ಇನ್ನೂ ಬೆಚ್ಚಗೆ. ಅದನ್ನು ರಕ್ತದ ಅಂಗೈಯಲ್ಲಿಟ್ಟು ಗಂಡನ ಮುಖಕ್ಕೆ ಹಿಡಿದಳು.

"ಕಂಡೆಯಾ? ಕತ್ತಿ ನೋಡಿದ ಕೂಡ್ಲೇ ಇಟ್ಟಿತು," ಎಂದ ಐತಪ್ಪ.

ಮುಂದಿನ ಭಾನುವಾರ ಚುಕ್ಕಿ. ಅದರ ಹೊಟ್ಟೆಯಲ್ಲೂ ಒಂದು ಪೂರ್ತಿ ಮೊಟ್ಟೆ. ನಾಗಮಣಿ ಈ ಸಲ ಯಾರಿಗೂ ತೋರಿಸದೆ ಅದನ್ನು ಅಕ್ಕಿ ಡಬ್ಬದಲ್ಲಿ ಹುಗಿದಿಟ್ಟಳು. ಕೋಳಿಗಳು ಮೊಟ್ಟೆ ಇಡುತ್ತಿವೆ, ಇಟ್ಟದ್ದು ಕಾಣೆಯಾಗುತ್ತಿದೆ ಎಂಬುದು ಅವಳಿಗೆ ಖಾತ್ರಿಯಾಗಿತ್ತು. ಉಳಿದದ್ದು ಆರು ಕೋಳಿ, ಎಂದರೆ ಆರು ಭಾನುವಾರ.

ಬುಧವಾರ ಗಂಡ ಡ್ಯೂಟಿಗೆ ಹೋದ ಮೇಲೆ ಬಚ್ಚಲಿನ ತಗಡಿನ ಬಾಗಿಲ ಹಿಂದೆ ಮಣೆ ಹಾಕಿ ಕೂತು, ತೂತಿಗೆ ಕಣ್ಣಿಟ್ಟಳು. ಹತ್ತು ಗಂಟೆಗೆ ಗಿಡ್ಡಿ ಮೊಟ್ಟೆಯಿಟ್ಟು ಕೊಕ್ಕೊಕ್ಕೋ ಎಂದು ಹೊರಬಂತು. ಸುಬೇದಾರ ಆಚೀಚೆ ನೋಡಿ ಒಳಗೆ ಹೋದ. ಬಂದವನು ಮದುವೆಯೂಟ ಮುಗಿಸಿದ ಬೀಗರಂತೆ ಕೊಕ್ಕನ್ನು ಈ ಕಡೆ ಆ ಕಡೆ ಮಣ್ಣಿಗೆ ಒರೆಸಿಕೊಂಡ. ಗೂಡಿನಲ್ಲಿ ಓಡಿನ ಚೂರೂ ಉಳಿದಿರಲಿಲ್ಲ. ಕಳೆದ ಅಂಕಕ್ಕೆ ಮೊದಲು ನಲವತ್ತು ದಿನ, ಬಲ ಬರಲಿ ಎಂದು, ಹಸಿ ಮೊಟ್ಟೆಯ ತುದಿ ಒಡೆದು ಅಂಗೈಯಲ್ಲಿ ಹಿಡಿದು ಕುಕ್ಕಿ ಕುಕ್ಕಿ ತಿನ್ನಿಸಿದವನು ಐತಪ್ಪನೇ.

ಹೇಳಿದರೆ ನಂಬುವವನಲ್ಲ. ಚಂದ್ರ ಇಳಿದು ಬಂದು ಮೊಟ್ಟೆ ಕದ್ದ ಎಂದರೆ ನಂಬುತ್ತಿದ್ದ, ಸುಬೇದಾರ ಕದ್ದ ಎಂದರೆ ಇಲ್ಲ. ನಾಗಮಣಿ ಹೇಳಲಿಲ್ಲ. ಶನಿವಾರ ಚುಕ್ಕಿಯ ಮೊಟ್ಟೆಗೆ ಸೂಜಿಯಲ್ಲಿ ತೂತು ಮಾಡಿ, ಒಳಗಿನದನ್ನು ಚೆಲ್ಲಿ, ತೂತು ಹಿಗ್ಗಿಸಿ ಗುಂಟೂರು ಮೆಣಸು ನುಣ್ಣಗೆ ಅರೆದ ಅರಪ್ಪು ತುರುಕಿ, ಮೈದಾ ಅಂಟಿನಿಂದ ಬಾಯಿ ಮುಚ್ಚಿದಳು.

ಭಾನುವಾರ ಬೆಳಿಗ್ಗೆ ಐತಪ್ಪ ಕಲ್ಲಿಗೆ ಕತ್ತಿ ಮಸೆಯುತ್ತಿದ್ದ. ಗಿಡ್ಡಿ ಕಾಲು ಕಟ್ಟಿಸಿಕೊಂಡು ಪಕ್ಕದಲ್ಲಿ ಬಿದ್ದಿತ್ತು. ನಾಗಮಣಿ ಗೂಡು ಗುಡಿಸುವವಳಂತೆ ಹೋಗಿ ಮೊಟ್ಟೆ ಇಟ್ಟು ಬಂದಳು. ಸುಬೇದಾರ ಒಳಗೆ ಹೋದ.

ಹೊರಬಂದದ್ದು ಬಾಗಿಲಿನಿಂದಲ್ಲ, ಗೂಡಿನ ಬಿದಿರು ಸೀಳಿಕೊಂಡು. ಮೊದಲು ಸಿಕ್ಕವನು ಅವನ ಯಜಮಾನ. ಕಾಲಿನ ಮುಳ್ಳು ಐತಪ್ಪನ ಕಿವಿಯಿಂದ ಗಲ್ಲದವರೆಗೆ ಇಳಿಯಿತು. ಎರಡನೆಯದು ಭುಜ, ಮೂರನೆಯದು ತೊಡೆ. ಗಲಾಟೆ ನೋಡಲು ಗೋಡೆಯ ಮೇಲೆ ತಲೆ ಹಾಕಿದ ನಂಜುಂಡನ ಮೂಗು ಸೀಳಿತು. ವ್ಯಾಗನ್ನು ತಳ್ಳಿದ ಐತಪ್ಪ ಒದ್ದೆ ಸೀರೆ ಒಣಹಾಕಿದ ಹಗ್ಗದಡಿ ತೆವಳುತ್ತಿದ್ದ. ರಕ್ತ ಚಿಮ್ಮಿದ ರಭಸಕ್ಕೆ ಬಿಳಿ ಸೀರೆಯೊಂದು ಚುಕ್ಕಿ ಸೀರೆಯಾಯಿತು. ಕಡೆಗೆ ಹೇಗೋ ಹುಂಜದ ಕತ್ತು ಅವನ ಕೈಗೆ ಸಿಕ್ಕಿತು.

ಮುಖದ ಹತ್ತಿರ ತಂದು ನೋಡಿದ. ಕೊಕ್ಕಿನ ತುಂಬ ಕೆಂಪು ಅರಪ್ಪು, ಅರಪ್ಪಿಗೆ ಅಂಟಿದ ಮೊಟ್ಟೆಯ ಓಡು.

ನಾಗಮಣಿ ಬಗ್ಗಿ ಗಿಡ್ಡಿಯ ಕಾಲಿನ ಕಟ್ಟು ಬಿಚ್ಚಿದಳು. ನೆಲದ ಮೇಲಿದ್ದ ಕತ್ತಿಯನ್ನು ಎತ್ತಿ ಗಂಡನ ಕಡೆ ಚಾಚಿದಳು.

"ಇವತ್ತು ಭಾನುವಾರ," ಎಂದಳು.

ಹನ್ನೊಂದು ಅಂಕ ಗೆದ್ದ ಮಾಂಸ ಸುಲಭಕ್ಕೆ ಬೇಯುವುದೇ? ಕುಕ್ಕರು ನಲವತ್ತು ಸಲ ಕೂಗಿತು. ಎಗ್ಮೋರಿನ ಎಂಜಿನ್ನುಗಳು ತಮ್ಮನ್ನೇ ಕರೆದರೆಂದು ಉತ್ತರ ಕೊಟ್ಟವು. ಮಧ್ಯಾಹ್ನ ಗಾಯಕ್ಕೆ ಮುಲಾಮು ಕೊಡಲು ನಾನು ಹೋದಾಗ ಐತಪ್ಪ ಮುಖಕ್ಕೆ ಬಟ್ಟೆ ಸುತ್ತಿಕೊಂಡು ಬಟ್ಟಲಿನ ಮುಂದೆ ಕೂತಿದ್ದ, ತುತ್ತು ಎತ್ತಿರಲಿಲ್ಲ.

"ಪಾಪ ರಾಯರೇ, ಅದಕ್ಕೆ ಎಂತ ಗೊತ್ತು," ಎಂದ. "ಕಲಿಸಿದ ಹಾಗೆ ಕಲಿತದ್ದಲ್ವಾ? ಮಾಡಿದ್ದು ಅದರ ತಪ್ಪಾ?"

ನಾಗಮಣಿ ಬಟ್ಟಲಿಗೆ ಇನ್ನೊಂದು ಸೌಟು ಸಾರು ಬಡಿಸಿದಳು.

"ಕಲಿಸಿದವರನ್ನು ಜೀವಸಹಿತ ಬಿಟ್ಟಿದ್ದೇನಲ್ಲ. ಉಣ್ಣಿ, ಆರಿ ಹೋಗ್ತದೆ."