ಸೌಟಿನಕ್ಕನ ಗುರುವಾರಗಳು

ಬೆಳಗಿನ ಐದು ಗಂಟೆ. ಚರ್ಚಿನ ಹಿಂಬದಿಯ ತಗಡಿನ ಕೋಣೆಯಲ್ಲಿ ಎರಡು ಒಲೆಗಳು ಉರಿಯುತ್ತಿವೆ. ಅರವತ್ತಮೂರು ವರ್ಷದ ಹೆಂಗಸೊಬ್ಬರು ರವಿಕೆಯ ತೋಳು ಮೇಲಕ್ಕೆ ಮಡಚಿಕೊಂಡು, ಸೊಂಟದೆತ್ತರದ ಪಾತ್ರೆಯಲ್ಲಿ ಬೇಳೆ ತಿರುವುತ್ತಿದ್ದಾರೆ. ಏಳಕ್ಕೆ ಬಾಗಿಲು ತೆರೆದರೆ ನೂರನಲವತ್ತು ತಟ್ಟೆ. ಯಾರಿಗೂ ಅರೆ ಸೌಟು ಬಡಿಸಿದವರಲ್ಲ; ಹಾಗಾಗಿ ಬೀದಿಗೆಲ್ಲ ಅವರು ‘ಸೌಟಿನಕ್ಕ’. ಉಪ್ಪು ಹೆಚ್ಚುಕಮ್ಮಿಯಾದರೆ ಪಾದ್ರಿಗಳನ್ನೇ ಬೈದುಕೊಳ್ಳಿ, ರುಚಿ ನೋಡಿದ್ದು ಅವರೇ ಎಂದು ನಗದೆ ಹೇಳುತ್ತಾರೆ.

ಮೂವತ್ತು ವರ್ಷ ಆಸ್ಪತ್ರೆಯ ಬಟ್ಟೆ ಒಗೆದು ನಿವೃತ್ತರಾದವರು. ಗಂಡ ತೀರಿಕೊಂಡಿದ್ದಾರೆ, ಮಗಳು ನರ್ಸ್. ಕಾಲು ಚಾಚಿ ಕೂರಬಹುದಿತ್ತು. ಕೂರಲು ಬಿಡದಿದ್ದುದು ಮೇಲಿನ ಮನೆಯ ಮುದಿ ದರ್ಜಿಯ ಸಾವು. ನಾಲ್ಕು ದಿನದಿಂದ ಹೊಟ್ಟೆಗೆ ಏನೂ ಬಿದ್ದಿಲ್ಲ ಎಂದರು ವೈದ್ಯರು. ಪಡಿತರದ ಪಟ್ಟಿಯಿಂದ ದರ್ಜಿಯ ಹೆಸರು ಅಳಿಸಿಹೋಗಿತ್ತು. ಬದುಕಿದ್ದಾರೆಂದು ಅಧಿಕಾರಿ ಹಾಕಬೇಕಾದ ಒಂದು ಸಹಿ ಬಿದ್ದಿರಲಿಲ್ಲ.

“ಪ್ರತಿ ಭಾನುವಾರ ಆರಾಧನೇಲಿ ನನ್ನ ಪಕ್ಕದಲ್ಲೇ ಕೂರ್ತಿದ್ರು. ಕೈ ಹಿಡಿದು ಸಮಾಧಾನ ಹೇಳ್ತಿದ್ದೆ. ಆ ಕೈ ಬಡಕಲಾಗಿದ್ದು ನಂಗೆ ಗೊತ್ತಾಗ್ಲಿಲ್ವಲ್ಲ.” ಇಷ್ಟು ಹೇಳಿ ಒಲೆಯ ಉರಿ ತಗ್ಗಿಸುತ್ತಾರೆ.

ಮಣ್ಣು ಮಾಡಿ ಬಂದ ವಾರವೇ ಅಡುಗೆ ಶುರುವಾಯಿತು. ತಿಂಗಳು ಕಳೆಯುವಷ್ಟರಲ್ಲಿ, ಉಣ್ಣಲು ಬರುವವರಲ್ಲಿ ಮೂವತ್ತೊಂದು ಜನರ ಹೆಸರೂ ಹಾಗೆಯೇ ಅಳಿಸಿಹೋಗಿದೆ ಎಂದು ಊಟದ ನಡುವಿನ ಮಾತಿನಲ್ಲಿ ತಿಳಿಯಿತು. ಕಚೇರಿಗೆ ಹೋಗಿ ಕೇಳೋಣ ಎಂದಾಗ ಚರ್ಚಿನ ಸಭೆಯ ಹಿರಿಯರು ಮುಖ ಸಿಂಡರಿಸಿದರು. ಊಟ ಹಾಕುವುದು ಧರ್ಮ, ಅರ್ಜಿ ಹಿಡಿದು ಅಲೆಯುವುದು ರಾಜಕೀಯ ಎಂಬುದು ಅವರ ವಾದ. ಅಕ್ಕ ಎದ್ದು ನಿಂತು ಹೇಳಿದ್ದಿಷ್ಟು: “ದರ್ಜಿ ಸತ್ತಿದ್ದು ಒಂದು ಸಹಿ ಇಲ್ದೆ. ಸಹಿ ನಮ್ಮ ಪಾತ್ರೇಲಿ ಬೇಯಲ್ಲ.”

ಪಾದ್ರಿಗಳು ಕೊಡೆ ಎತ್ತಿಕೊಂಡು ಜೊತೆಗೆ ಹೊರಟರು. ಅಂದಿನಿಂದ ಪ್ರತಿ ಗುರುವಾರ, ತಟ್ಟೆ ತೊಳೆದಿಟ್ಟು ಪಡಿತರ ಕಚೇರಿಗೆ ನಡಿಗೆ. ಸಾಹೇಬರಿಲ್ಲ, ನಾಳೆ ಬನ್ನಿ, ಫೈಲು ಸಿಕ್ಕಿಲ್ಲ — ಎಲ್ಲ ಕೇಳಿಸಿಕೊಂಡರು. ಆರನೇ ತಿಂಗಳಿಗೆ, ಬೇಡವೆಂದಿದ್ದ ಹಿರಿಯರಲ್ಲೇ ಇಬ್ಬರು ಅರ್ಜಿ ಬರೆಯಲು ಕೂತರು. ಹನ್ನೊಂದನೇ ತಿಂಗಳಲ್ಲಿ ಆದೇಶ ಬಂತು: ಮನೆಗೆ ಹೋಗಿ ವಿಚಾರಿಸದೆ ಯಾರ ಹೆಸರನ್ನೂ ಅಳಿಸುವಂತಿಲ್ಲ. ಇಪ್ಪತ್ತಾರು ಜನ ಪಟ್ಟಿಗೆ ಮರಳಿದ್ದಾರೆ. ಇನ್ನೂ ಐವರು ಬಾಕಿ.

ಅವರಿಗಾಗಿ ಇವತ್ತೂ ಹೊರಟಿದ್ದಾರೆ. ನಿಮಗೇನು ಬೇಕು ಅಕ್ಕಾ ಎಂದು ಕೇಳಿದರೆ ಚಪ್ಪಲಿ ಮೆಟ್ಟುತ್ತಲೇ ಹೇಳುತ್ತಾರೆ:

“ಆ ಕಚೇರಿ ಹೊರಗೆ ನಾಲ್ಕು ಕುರ್ಚಿ ಹಾಕ್ಸಿದ್ರೆ ಸಾಕಪ್ಪ. ವಯಸ್ಸಾದೋರು ನಿಂತೂ ನಿಂತೂ ವಾಪಸ್ ಹೋಗ್ಬಿಡ್ತಾರೆ. ನಂಗೇನೂ ಬೇಡ. ನಾನು ನಿಲ್ತೀನಿ.”