ರಂಗೋಲಿ ಪುಡಿಯಲ್ಲಿ ಬರೆದ ಮನೆ

ಮುಂಬಯಿ ಬಳಿಯ ಕಲ್ಯಾಣದ ಹಳೆಯ ಪೇಟೆಯಲ್ಲಿ, ಕೆರೆಯ ಹತ್ತಿರದ ಗಲ್ಲಿಯೊಂದರಲ್ಲಿ ಬಾಡಿಗೆಯ ಒಂಟಿಕೋಣೆಗಳ ಸಾಲಾದ ನಮ್ಮ ಚಾಳು ಇತ್ತು. ಮದುವೆಯಾಗಿ ಉಡುಪಿಯಿಂದ ಬಂದ ನಾನು ಅಲ್ಲಿಯ ಒಂದು ಕೋಣೆಯಲ್ಲಿ ಗಂಡ ಮತ್ತು ಅತ್ತೆಯ ಜೊತೆ ಸಂಸಾರ ಹೂಡಿದೆ. ತೇಗದ ಕಂಬಗಳು, ಹೆಂಚಿನ ಮಾಡು, ಬಾವಿಯಿದ್ದ ಅಂಗಳ, ನೋಡುವುದಕ್ಕೆ ಚೆಂದವೇ. ಆದರೆ ಸಂಡಾಸು ಎಲ್ಲರಿಗೂ ಸೇರಿ ಹಿಂದುಗಡೆ. ತೊಂಬತ್ತರ ದಶಕದ ನಡುವಿನ ಒಂದು ಮಳೆಗಾಲದಲ್ಲಿ ಎಲ್ಲರೂ ಓಡಾಡುತ್ತಿದ್ದ ಹಿಂಬದಿಯ ಗ್ಯಾಲರಿ ಕುಸಿದುಬಿತ್ತು. ಯಾರಿಗೂ ಪೆಟ್ಟಾಗಲಿಲ್ಲ, ನೆಮ್ಮದಿ ಮಾತ್ರ ಹೋಯಿತು.

ಬಿಲ್ಡರ್ ಒಬ್ಬ ಬಂದು, ಎಲ್ಲವನ್ನೂ ಕೆಡವಿ ಲಿಫ್ಟಿನ ಕಟ್ಟಡ ಕಟ್ಟುವ ಮಾತಾಡಿದ. ಅಲ್ಲಿಯವರೆಗೆ ನಾವು ಊರಾಚೆ ಬಾಡಿಗೆಗೆ ಹೋಗಬೇಕು. ಹಾಗೆ ಹೋದವರು ಮರಳಿ ಬಂದದ್ದನ್ನು ನಮ್ಮ ಗಲ್ಲಿ ಕಂಡಿರಲಿಲ್ಲ. ಜಾಗವನ್ನು ನಮಗೇ ಬಿಟ್ಟುಕೊಡಲು ಮಾಲೀಕರು ಒಪ್ಪಿದ್ದರಿಂದ ಚಾಳಿನವರೇ ಸಹಕಾರಿ ಸೊಸೈಟಿ ಮಾಡಿಕೊಂಡು ಠಾಣೆಯ ಒಬ್ಬ ಆರ್ಕಿಟೆಕ್ಟ್ ಹುಡುಗಿಯನ್ನು ಕರೆತಂದರು.

ಗಟ್ಟಿಯಿದ್ದದ್ದನ್ನು ಉಳಿಸಿಕೊಂಡು, ಒಮ್ಮೆಗೆ ಅರ್ಧ ಚಾಳನ್ನಷ್ಟೇ ಬಿಚ್ಚಿ ಕಟ್ಟೋಣ, ಯಾರೂ ಗಲ್ಲಿ ಬಿಡುವುದು ಬೇಡ ಎಂದಳು ಅವಳು. ನಕ್ಷೆ ಹಾಸಿ ತೋರಿಸಿದಾಗ ಎಲ್ಲರೂ ತಲೆಯಾಡಿಸಿದರು. ಅತ್ತೆಯೊಬ್ಬರೇ, "ಇದೆಂತದು, ಬರೇ ಗೆರೆ. ಇದರಲ್ಲಿ ನಾನು ಕೂತುಕೊಳ್ಳುದು ಎಲ್ಲಿ?" ಎಂದರು. ಅದನ್ನು ನಾನು ಹುಡುಗಿಗೆ ಹಿಂದಿಯಲ್ಲಿ ತಿಳಿಸಿದೆ. ಅವಳಿಗೆ ಬೇಸರವಾದೀತೆಂದು ನನಗೆ ಭಯ. ಅವಳು ನಕ್ಷೆ ಸುತ್ತಿಟ್ಟು, ಭಾನುವಾರ ಬರುತ್ತೇನೆ ಎಂದು ಹೋದಳು.

ಭಾನುವಾರ ಚೀಲದ ತುಂಬ ರಂಗೋಲಿ ಪುಡಿ ತಂದಿದ್ದಳು. ಅಂಗಳದಲ್ಲಿ ದಾರ ಹಿಡಿದು ಒಂದು ಮನೆಯನ್ನು ಅದರ ನಿಜವಾದ ಅಳತೆಯಲ್ಲೇ ಬರೆದಳು. ಆಮೇಲೆ ಅತ್ತೆಯ ಕೈಹಿಡಿದು ಪುಡಿಯ ಬಾಗಿಲಿನಿಂದ ಒಳಗೆ ಕರೆದುಕೊಂಡು ಹೋದಳು. ಅತ್ತೆ ಮಣೆ ತರಿಸಿ ಅಡುಗೆಮನೆಯಲ್ಲಿ ಕೂತರು, ತೆಂಗಿನಕಾಯಿ ತುರಿಯುವ ಹಾಗೆ ಕೈಯಾಡಿಸಿದರು.

"ಈ ಬಾಗಿಲು ತೆರೆದರೆ ನನ್ನ ಬೆನ್ನಿಗೆ ಬಡಿಯುತ್ತದೆ."

ಹುಡುಗಿ ಗೆರೆಯನ್ನು ಕಾಲಲ್ಲಿ ಅಳಿಸಿ, ಬಾಗಿಲನ್ನು ಆಚೆ ಗೋಡೆಗೆ ಸರಿಸಿದಳು. ಅತ್ತೆ ಇನ್ನೊಮ್ಮೆ ಕೂತು ನೋಡಿ, "ಈಗ ಸರಿಯಾಯಿತು ಮಾರಾಯ್ತಿ" ಎಂದರು.

ಅಲ್ಲಿಂದ ಎಲ್ಲರ ಬಾಯಿ ತೆರೆಯಿತು. ಪಕ್ಕದ ಕೋಣೆಯ ಕಲಬುರಗಿಯ ಅಕ್ಕ ತನ್ನ ಮಂಚವನ್ನೇ ಹೊತ್ತು ತಂದಳು. ಅವಳ ಗಂಡ ರಬಾಳೆಯ ಫ್ಯಾಕ್ಟರಿಯಲ್ಲಿ ರಾತ್ರಿಪಾಳಿ.

"ನಮ್ಮ ಮನಿಯವ್ರು ಹಗಲೊತ್ತು ಮಲಗತಾರ. ಕಿಟಕಿ ಇಲ್ಲಿ ಇಟ್ರ ಬಿಸಲು ಮಾರಿ ಮ್ಯಾಲೇ ಬೀಳತದ ನೋಡ್ರಿ" ಎಂದಳು ನನಗೆ.

ನಾನು ಹೇಳಿದ್ದೇ ತಡ, ಹುಡುಗಿ ಆ ಮಂಚದ ಮೇಲೆ ಮಲಗಿಯೇಬಿಟ್ಟಳು. ಮಧ್ಯಾಹ್ನದ ಉರಿಬಿಸಿಲಲ್ಲಿ ಕಣ್ಣು ಕಿರಿದುಮಾಡಿ ಆಕಾಶ ನೋಡಿ, ಎದ್ದು, ಕಿಟಕಿ ಅಳಿಸಿದಳು. ಬೆಳಕು ಕಡಿಮೆಯಾಗಿ ಗಾಳಿ ಮಾತ್ರ ಬರುವಂತೆ ಅಲ್ಲಿ ಇಟ್ಟಿಗೆಯ ಜಾಲರಿ ಗೋಡೆ ಬರೆದಳು. ಓದಿದವರು ನಮ್ಮಂಥವರ ಮಾತಿಗೆ ಹೀಗೆ ನೆಲಕ್ಕಿಳಿದದ್ದನ್ನು ನಾನು ನೋಡಿದ್ದು ಅದೇ ಮೊದಲು.

ಕೆಲಸ ದೀಪಾವಳಿಯ ನಂತರ ಶುರುವಾಯಿತು. ಹೆಂಚುಗಳನ್ನು ಒಂದೊಂದಾಗಿ ತಟ್ಟಿ ನೋಡಿ, ಒಡಕು ಸದ್ದಿನವನ್ನು ಬೇರೆ ಮಾಡಿದೆವು. ಹಳೆಯ ತೊಲೆಗಳು ಹೊಸ ಮೆಟ್ಟಿಲಾದವು. ಮಾಡಿನ ನೀರು ಬಾವಿಗೆ ಹರಿಯುವಂತಾಯಿತು. ಮನೆಮನೆಗೆ ಸಂಡಾಸು ಬಂತು. ಅವರ ಬದಿಯ ಅರ್ಧವನ್ನು ಬಿಚ್ಚಿದ್ದಷ್ಟು ದಿನ ಕಲಬುರಗಿಯ ಸಂಸಾರ ನಮ್ಮ ಕೋಣೆಯಲ್ಲೇ, ಸೀರೆಯ ಪರದೆಯಾಚೆ ಇತ್ತು. ಜಗಳಗಳಾದವು. ಅತ್ತೆ ಜೋಳದ ರೊಟ್ಟಿ ತಟ್ಟುವುದನ್ನೂ ಕಲಿತರು.

ಗೃಹಪ್ರವೇಶಕ್ಕೆ ಶಾಲು ಹೊದಿಸಿ ಸನ್ಮಾನ ಮಾಡೋಣವೆಂದರೆ ಹುಡುಗಿ ಒಪ್ಪಲಿಲ್ಲ. "ಒಂದು ಮಳೆಗಾಲ ಇದ್ದು ನೋಡಿ, ಆಮೇಲೆ ಊಟಕ್ಕೆ ಕರೆಯಿರಿ" ಎಂದಳು. ಶ್ರಾವಣದಲ್ಲಿ ಕರೆದೆವು. ಎಲೆಯ ಮುಂದೆ ಕೂತವಳು ಮೊದಲು ಕೇಳಿದ್ದು, "ಮನೆಯಲ್ಲಿ ಏನು ತಪ್ಪಿದೆ?" ನಾವು ಸಂಕೋಚದಿಂದ ಅನ್ನ, ಸಾರು ಬಡಿಸತೊಡಗಿದೆವು. ಕಲಬುರಗಿಯ ಅಕ್ಕ ಮಾತ್ರ, ಜೋರು ಮಳೆಗೆ ಜಾಲರಿಯಿಂದ ಎರಚಲು ಹೊಡೆಯುತ್ತದೆ ಎಂದುಬಿಟ್ಟಳು. ಹುಡುಗಿ ಕೈತೊಳೆದವಳೇ ಸ್ಟೂಲು ಹತ್ತಿ, ಒದ್ದೆ ಇಟ್ಟಿಗೆಗಳನ್ನು ಸವರಿ ನೋಡಿದಳು. ಮುಂದಿನ ವಾರ ಬಡಗಿಯೊಂದಿಗೆ ಬಂದು, ಉಳಿದಿದ್ದ ತೇಗದ ಪಟ್ಟಿಗಳಿಂದ ಜಾಲರಿಯ ಹೊರಗೆ ಓರೆಯಾಗಿ ಪುಟ್ಟ ಮಾಡೊಂದನ್ನು ಕೂರಿಸಿದಳು. ಅವತ್ತು ಸಂಜೆಯೂ ಮಳೆ ಬಿರುಸಾಗಿಯೇ ಬಂತು. ರಾತ್ರಿಪಾಳಿಯವನು ಒಳಗೆ ಎರಚಲು ತಾಗದೆ ಮಲಗಿಯೇ ಇದ್ದ.